ಇಲ್ಲಿ ನದಿ ಒಂದೇ ಉಂಟು

ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಪ್ರವಾಸೋದ್ಯಮದ ಕೋರ್ಸ್ ಶುರುವಾಗಿದೆ. ಅಲ್ಲಿನ ಮಕ್ಕಳ ಮುಂದೆ ಇಪ್ಪತ್ತು ನಿಮಿಷ ಮಾತಾಡಬೇಕೆಂದು ನನ್ನನ್ನು ಕರೆದರು. ಸ್ಫೂರ್ತಿ ಬರುವ ಹಾಗೆ ಮಾತಾಡಿ ಸಾರ್ ಎಂದು ಉಪನ್ಯಾಸಕರೊಬ್ಬರು ಎರಡು ಸಲ ಹೇಳಿದರು. ನಾನು ಐದು ನಿಮಿಷ ಮಾತಾಡಿದೆ. ಅಷ್ಟರಲ್ಲಿ ಅವರು ಮೈಕ್ ವಾಪಸ್ ತೆಗೆದುಕೊಂಡು, ಮಕ್ಕಳಿಗೆ ಉಪ್ಪಿಟ್ಟು ಆರಿಹೋಗುತ್ತದೆ ಎಂದರು. ಉಳಿದ ಹದಿನೈದು ನಿಮಿಷದ ಮಾತನ್ನು ಇಲ್ಲಿ ಬರೆಯುತ್ತೇನೆ. ಬರವಣಿಗೆಯಿಂದ ಮೈಕ್ ಕಿತ್ತುಕೊಳ್ಳುವವರು ಯಾರೂ ಇಲ್ಲ.

ನಾನು ಹದಿನೇಳು ವರ್ಷ ಸೇನೆಯ ಮೂವ್‌ಮೆಂಟ್ ವಿಭಾಗದಲ್ಲಿದ್ದೆ. ಯಾವ ತುಕಡಿ ಯಾವ ರೈಲು ಹತ್ತಬೇಕು, ಎಲ್ಲಿ ಇಳಿಯಬೇಕು, ಎಲ್ಲಿ ಊಟ, ಎಲ್ಲಿ ನೀರು ಎಂದು ಬರೆದು ಕೊಡುವುದು ನಮ್ಮ ಕೆಲಸ. ಆ ಕಾಗದಕ್ಕೆ ಚಾರ್ಟ್ ಎನ್ನುತ್ತಿದ್ದೆವು. ಹವಾಲ್ದಾರನಾಗಿ ನಿವೃತ್ತಿ ಪಡೆದು ಬಂದ ಮೇಲೆ ವಿರಾಜಪೇಟೆಯ ಒಂದು ಟ್ರಾವೆಲ್ ಆಫೀಸಿನಲ್ಲಿ ಇಪ್ಪತ್ತೇಳು ವರ್ಷ ಅದೇ ಚಾರ್ಟ್ ಬರೆದೆ. ಆಗ ಸೈನಿಕರಿಗೆ, ಈಗ ಸಾಮಾನ್ಯ ಜನರಿಗೆ. ಅಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆ. ಅದು ತಪ್ಪು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಊಟಿಗೋ ಗೋವಾಕ್ಕೋ ಹೋಗುವವರಿಗೆ ನಿಮ್ಮ ಅಗತ್ಯವಿಲ್ಲ. ಅವರನ್ನು ಜನಜಂಗುಳಿಯೇ ತಳ್ಳಿಕೊಂಡು ಹೋಗುತ್ತದೆ. ಯಾರೂ ಹೋಗದ ಜಾಗಕ್ಕೆ ತಾನೊಬ್ಬನೇ ಹೋಗಬೇಕು ಎಂದು ಬರುವವನಿದ್ದಾನಲ್ಲ, ನಿಮ್ಮ ಕೆಲಸ ಇರುವುದು ಅವನ ಹತ್ತಿರ. ಅವನನ್ನು ಹುಚ್ಚನ ಹಾಗೆ ನೋಡಬೇಡಿ. ಈಗಿನ ಆಫೀಸುಗಳಲ್ಲಿ ನೋಡುತ್ತಾರೆ. ಅದರ ಬದಲು ಇಲ್ಲಿಗೆ ಹೋಗಿ, ಎಲ್ಲರೂ ಹೋಗ್ತಾರೆ, ಫೋಟೋ ಚೆನ್ನಾಗಿ ಬರ್ತದೆ ಎನ್ನುತ್ತಾರೆ. ಔಷಧಿ ಅಂಗಡಿಯವನು ಕೆಮ್ಮಿನ ಔಷಧಿ ಇಲ್ಲ, ಹೊಟ್ಟೆನೋವಿನದ್ದು ಕುಡೀರಿ ಎಂದರೆ ನೀವು ಸುಮ್ಮನಿರುತ್ತೀರಾ?

ನನ್ನ ತಪ್ಪುಗಳಿಂದಲೇ ಶುರು ಮಾಡುತ್ತೇನೆ. ಆಫೀಸಿಗೆ ಸೇರಿದ ಮೊದಲ ವರ್ಷ ಮೈಸೂರಿನ ಅಧ್ಯಾಪಕ ದಂಪತಿ ಬಂದರು. ಬಾಡಿಗೆ ಕಾರು ಬೇಡ, ಬರೀ ಲೋಕಲ್ ಬಸ್ಸುಗಳಲ್ಲಿ ಕುಟ್ಟದ ಮೇಲೆ ಗಡಿ ದಾಟಿ ಕೇರಳದ ತಿರುನೆಲ್ಲಿಗೆ ಹೋಗಬೇಕು ಎಂದರು. ನಾನು ನಿಮಿಷ ನಿಮಿಷಕ್ಕೆ ಚಾರ್ಟ್ ಬರೆದೆ. ಕುಟ್ಟದಲ್ಲಿ ಬಸ್ ಬದಲಿಸಲು ಹನ್ನೆರಡು ನಿಮಿಷ, ಅದರಲ್ಲಿ ಚಹಾಕ್ಕೆ ಏಳು. ಮರುದಿನ ಎಂಟೂವರೆಗೆ ಆಫೀಸಿನ ಫೋನ್ ಬಡಿದುಕೊಂಡಿತು. ಕುಟ್ಟದ ಎಸ್‌ಟಿಡಿ ಬೂತಿನಿಂದ ಅಧ್ಯಾಪಕರು. ಅವರು ಮಾತಾಡುವ ಮೊದಲೇ ಪಕ್ಕದ ಚಹಾ ಅಂಗಡಿಯ ಮಲಯಾಳಿ ಫೋನ್ ಕಸಿದುಕೊಂಡ.

"ಇಂದು ನಮ್ಮ ಕಡೆ ಹರತಾಳ ಅಲ್ಲೇ ಸಾರೇ! ನಾಯಿ ಸಹ ರೋಡ್ ದಾಟಲ್ಲ. ಈ ಚಾರ್ಟ್ ಬರ್ದ ಆಳು ಯಾರು?"

"ನಾನೇ."

"ಪೇಪರ್ ಓದುವ ಅಭ್ಯಾಸ ಇಲ್ವಾ? ಏಳು ನಿಮಿಷ ಚಹಾ ಅಂತೆ! ಇವರು ಸಂಜೆವರೆಗೆ ಇಲ್ಲೇ ಚಹಾ ಕುಡೀಬೇಕು."

ನಮ್ಮ ದೊಡ್ಡ ಮಾಲೀಕರು ಬೈಯಲಿಲ್ಲ. ಚಾರ್ಟನ್ನು ಕೈಯಲ್ಲಿ ಹಿಡಿದು, "ಹವಾಲ್ದಾರ್ರೆ, ಇದು ಬಹಳ ಚಂದ ಉಂಟು. ಆದ್ರೆ ಆ ಊರಲ್ಲಿ ಒಂದು ಮನುಷ್ಯನನ್ನಾದ್ರೂ ನೀವು ಕೇಳಿದ್ರಾ?" ಎಂದರು. ಕೇಳಿರಲಿಲ್ಲ. ಅಂದಿನಿಂದ ಒಂದು ನೋಟ್‌ಬುಕ್ ಮಾಡಿದೆ. ಯಾವ ಊರಿಗೆ ಚಾರ್ಟ್ ಬರೆದರೂ ಆ ಊರಿನ ಒಬ್ಬ ಮನುಷ್ಯನ ಹೆಸರು ಅದರಲ್ಲಿರಬೇಕು. ಅಧಿಕಾರಿ ಬೇಡ. ಚಹಾ ಅಂಗಡಿಯವನು, ಪೋಸ್ಟ್‌ಮಾಸ್ಟರ್, ಕಾಂಪೌಂಡರ್, ಯಾರಾದರೂ ಸರಿ. ಫೋನ್ ಇಲ್ಲದ ಊರಾದರೆ ಉತ್ತರಕ್ಕೆ ಖಾಲಿ ಕಾರ್ಡ್ ಅಂಟಿಕೊಂಡಿರುವ ಜೋಡಿ ಕಾರ್ಡ್ ಹಾಕಿ ಉತ್ತರ ಬರುವ ತನಕ ಕಾಯುತ್ತಿದ್ದೆ. ಗಿರಾಕಿಯೂ ಕಾಯುತ್ತಿದ್ದ. ಅಂಥ ಜಾಗಕ್ಕೆ ಹೋಗಬೇಕೆನ್ನುವವನಿಗೆ ಕಾಯಲು ಬರುತ್ತದೆ.

ದೊಡ್ಡ ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ರೋಷನ್ ಕುರ್ಚಿಗೆ ಬಂದ. ಹುಡುಗ ದಡ್ಡನಲ್ಲ. ಕಂಪ್ಯೂಟರ್ ತಂದ, ಗಾಜಿನ ಬಾಗಿಲು ಹಾಕಿಸಿದ, ನನ್ನ ಮರದ ಬೀರು ತೆಗೆಸಿ ಆ ಜಾಗದಲ್ಲಿ ಐಫೆಲ್ ಗೋಪುರದ ಚಿತ್ರ ಅಂಟಿಸಿದ. ಅದಕ್ಕೆಲ್ಲ ನನ್ನ ತಕರಾರಿರಲಿಲ್ಲ. ನಾನೂ ಆನ್‌ಲೈನ್ ಟಿಕೆಟ್ ಮಾಡಲು ಕಲಿತೆ, ಎಲ್ಲರಿಗಿಂತ ಬೇಗ ಕಲಿತೆ. ನನಗೆ ಮೈ ಉರಿಯುತ್ತಿದ್ದುದು ಬೇರೆ ವಿಷಯಕ್ಕೆ. ಗಿರಾಕಿ ಬಂದು ತನಗೆ ಎಲ್ಲಿಗೆ ಹೋಗಬೇಕು ಎಂದು ಬಾಯಿ ತೆರೆಯುವ ಮೊದಲೇ ನಾಲ್ಕು ಪ್ಯಾಕೇಜ್ ಅವನ ಮುಂದೆ ಹರಡಿರುತ್ತಿತ್ತು. ಗಿರಾಕಿಯ ಮಾತನ್ನು ಕೇಳುವ ಕೆಲಸವನ್ನೇ ಆಫೀಸಿನಿಂದ ಕಿತ್ತು ಹಾಕಿದ್ದರು. ನನ್ನ ನೋಟ್‌ಬುಕ್ ನೋಡಿ ರೋಷನ್ ನಗುತ್ತಿದ್ದ. "ಅಂಕಲ್, ಇದನ್ನ ಮ್ಯೂಸಿಯಂಗೆ ಕೊಡಿ."

ಆ ಆಫೀಸಿಗೆ ಮುತ್ತವ್ವ ಬಂದರು.

ಬಿಟ್ಟಂಗಾಲದ ಹತ್ತಿರ ನಾಲ್ಕು ಎಕರೆ ಕಾಫಿ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಕೊಡವ ಹೆಂಗಸು. ನನ್ನದೇ ವಯಸ್ಸು, ಅರವತ್ತು ದಾಟಿತ್ತು. ಜೀಪನ್ನು ತಾವೇ ಓಡಿಸಿಕೊಂಡು ಬಂದು, ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಒದ್ದು ಒಳಗೆ ಬಂದರು. ರೋಷನ್ ಪ್ಯಾಕೇಜುಗಳನ್ನು ಹರಡಿದ. ಅವರು ಅದರ ಮೇಲೆ ತಮ್ಮ ಕೈಚೀಲ ಇಟ್ಟರು.

"ಇಲ್ಲಿ ಯಾರೋ ಹವಾಲ್ದಾರ್ ಇದ್ದಾರಂತಲ್ಲ, ಯಾವ ಮೂಲೆಯಲ್ಲಿದ್ದಾರೆ?"

ನಾನು ಎದ್ದು ನಿಂತೆ.

"ನನ್ನ ಅಣ್ಣ ಮಂದಣ್ಣ ಸತ್ತ ಜಾಗಕ್ಕೆ ನಾನು ಹೋಗ್ಬೇಕು. ದಾರಿ ಬರ್ದು ಕೊಡಿ."

"ಯಾವ ಊರು ಅಕ್ಕ?"

"ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ವಿಷಯ ಹೀಗಿತ್ತು. ಮಂದಣ್ಣ ಸೈನಿಕ. ನಲವತ್ತೊಂದು ವರ್ಷದ ಹಿಂದೆ ಅರುಣಾಚಲದ ಪೂರ್ವದ ತುದಿಯ ಯಾವುದೋ ಗಡಿಠಾಣೆಯಲ್ಲಿದ್ದಾಗ ಗುಡ್ಡ ಜರಿದು ಸತ್ತ. ಆ ಕಾಲದಲ್ಲಿ ಅಷ್ಟು ದೂರದಿಂದ ದೇಹ ಕಳಿಸುತ್ತಿರಲಿಲ್ಲ. ಅಲ್ಲೇ ನದಿಯ ಬದಿಯಲ್ಲಿ ಸುಟ್ಟು, ಮನೆಗೆ ತಂತಿ ಕಳಿಸಿದರು. ಆಮೇಲೆ ಒಂದು ಟ್ರಂಕ್ ಬಂತು. ಕೊಡವರಲ್ಲಿ ಸತ್ತ ಹಿರಿಯರಿಗೆ ಬಾಳೆಯೆಲೆಯಲ್ಲಿ ಅನ್ನ, ಮಾಂಸ, ಮದ್ಯ ಎಡೆ ಇಡುವ ಪದ್ಧತಿಯಿದೆ, ಅದಕ್ಕೆ ಮೀದಿ ಎನ್ನುತ್ತಾರೆ. ಮುತ್ತವ್ವ ಪ್ರತಿ ವರ್ಷ ಮನೆಯಲ್ಲಿ ಅಣ್ಣನಿಗೂ ಮೀದಿ ಇಡುತ್ತಿದ್ದರು.

"ಇಲ್ಲಿ ಇಟ್ಟದ್ದು ಅಷ್ಟು ದೂರ ಅವನಿಗೆ ಮುಟ್ಟಿತಾ ಹವಾಲ್ದಾರ್ರೆ? ಅವನು ಮನೆಗೆ ಬಂದೇ ಇಲ್ಲ. ಒಂದು ಸಲ ಅವನಿದ್ದಲ್ಲೇ ಹೋಗಿ ಇಡ್ತೇನೆ. ನನ್ನ ಮಂಡಿ ಇನ್ನೆಷ್ಟು ವರ್ಷ ನಡೀತದೆ ಗೊತ್ತಿಲ್ಲ."

ಅವರ ಹತ್ತಿರ ಇದ್ದುದು ಅಣ್ಣನ ಮೂರು ಪತ್ರ. ಸೈನಿಕನ ಪತ್ರದ ಮೇಲೆ ಊರ ಹೆಸರಿರುವುದಿಲ್ಲ, ಸೇನೆಯ ಅಂಚೆಯ ನಂಬರ್ ಮಾತ್ರ. ಪತ್ರದೊಳಗೂ ಜಾಗ ಬರೆಯಬಾರದು ಎಂಬ ನಿಯಮವಿತ್ತು. ಆದರೆ ಮಂದಣ್ಣ ಕೊಡಗಿನವನು, ಒಂದು ಕಡೆ ಬರೆದುಬಿಟ್ಟಿದ್ದ: ನಮ್ಮ ಕ್ಯಾಂಪಿನ ಕೆಳಗೆ ಎರಡು ನದಿ ಕೂಡುತ್ತದೆ, ಥೇಟ್ ಭಾಗಮಂಡಲದ ಹಾಗೆ, ಬೆಳಿಗ್ಗೆ ನೋಡುವಾಗ ಮನೆಯ ನೆನಪಾಗುತ್ತದೆ. ಇನ್ನೊಂದು ಪತ್ರದಲ್ಲಿ ಒಂದು ಗಂಟೆ ನಡೆದರೆ ಬಿಸಿನೀರಿನ ಬುಗ್ಗೆ, ಅಲ್ಲಿ ಬಟ್ಟೆ ಒಗೆಯುತ್ತೇವೆ ಎಂದಿತ್ತು.

ಎರಡು ನದಿ, ಒಂದು ಬುಗ್ಗೆ. ಅಷ್ಟು ಹಿಡಿದು ಹುಡುಕಿದೆ. ಅವನ ರೆಜಿಮೆಂಟಿನ ನಿವೃತ್ತ ಸುಬೇದಾರರೊಬ್ಬರು ನೆಲ್ಯಹುದಿಕೇರಿಯಲ್ಲಿದ್ದರು. ಅವರ ಮುಂದೆ ದೊಡ್ಡ ನಕ್ಷೆ ಹರಡಿ ಕೂತೆವು. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ಒಂದು ಚುಕ್ಕೆಯ ಮೇಲೆ ಉಗುರಿಟ್ಟರು. ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವಾರವೇ ಯಾರೋ ಅದಕ್ಕೊಂದು ಪ್ಯಾಕೇಜ್ ಮಾಡುತ್ತಾರೆ. ಅದಕ್ಕೆ ಮೇಲಿನ ಊರು ಎನ್ನುತ್ತೇನೆ. ಅದಕ್ಕಿಂತ ಒಂದು ಗಂಟೆಯ ದಾರಿ ಕೆಳಗೆ ಅದೇ ಕಣಿವೆಯಲ್ಲಿ ಸ್ವಲ್ಪ ದೊಡ್ಡ ಊರಿದೆ, ಸೈನಿಕರ ಸ್ಮಾರಕವೂ ಇದೆ. ಅದಕ್ಕೆ ಕೆಳಗಿನ ಊರು ಎನ್ನೋಣ.

ಮೂರು ತಿಂಗಳು ತಯಾರಿ ಮಾಡಿದೆ. ದಿಬ್ರುಗಢದವರೆಗೆ ವಿಮಾನ, ಮುಂದೆ ಮೂರು ದಿನ ರಸ್ತೆ. ಆ ರಾಜ್ಯಕ್ಕೆ ಹೊರಗಿನವರು ಹೋಗಲು ಪರ್ಮಿಟ್ ಬೇಕು. ಎಲ್ಲಿಯವರೆಗೆ ಹೋಗುತ್ತೀರೋ ಆ ಊರಿನ ಹೆಸರು ಅದರಲ್ಲಿರಬೇಕು. ಮುತ್ತವ್ವನ ಪ್ರಶ್ನೆಗಳು ಮಾತ್ರ ಬೇರೆಯೇ ಇದ್ದವು.

"ಅಲ್ಲಿ ಬಾಳೆಎಲೆ ಸಿಕ್ತದಾ?"

ನನಗೆ ಗೊತ್ತಿರಲಿಲ್ಲ. ಆ ಕಣಿವೆಯ ಒಬ್ಬ ಅಂಗಡಿಯವನ ನಂಬರ್ ಹುಡುಕಿ, ನನ್ನ ಸೇನೆಯ ಹಿಂದಿಯಲ್ಲಿ ಕೇಳಿದೆ. ಅವನು ಎರಡು ದಿನ ಬಿಟ್ಟು ಹೇಳಿದ: ಮೇಲೆ ಇಲ್ಲ, ಕೆಳಗೆ ಕಾಡುಬಾಳೆ ಇದೆ. ನಾಲ್ಕನೇ ದಿನದ ಕಾಲಂನಲ್ಲಿ 'ಇಲ್ಲಿ ಎಲೆ ಕೊಯ್ದುಕೊಳ್ಳಿ, ಒದ್ದೆ ಬಟ್ಟೆಯಲ್ಲಿ ಸುತ್ತಿ' ಎಂದು ಬರೆದೆ. ಅಣ್ಣನಿಗೆ ಮಿಲಿಟರಿ ಕ್ಯಾಂಟೀನಿನ ರಮ್ ಇಷ್ಟವಂತೆ. ಸೀಲ್ ಒಡೆಯದ ಬಾಟಲಿಯಾದರೆ ದೊಡ್ಡ ಬ್ಯಾಗಿನಲ್ಲಿ ವಿಮಾನದಲ್ಲಿ ಹೋಗುತ್ತದೆ, ಕೈಚೀಲದಲ್ಲಿ ಬೇಡ ಎಂದು ಬರೆದೆ. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಸಣ್ಣ ಶೀಶೆಯಲ್ಲಿ ಹುಳಿಗೆ ಹಾಕುವ ಕಾಚಂಪುಳಿ, ಕಡಂಬುಟ್ಟು ಎನ್ನುವ ಉಂಡೆ ಕಡುಬಿಗೆ ಅಕ್ಕಿ ತರಿ, ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಸುತ್ತಿ.

"ಹವಾಲ್ದಾರ್ರೆ, ನೀವು ನನ್ನ ಅತ್ತೆಗಿಂತ ಕಷ್ಟ," ಎಂದರು ಮುತ್ತವ್ವ.

"ನಿಮಗೆ ಅತ್ತೆ ಎಲ್ಲಿ ಅಕ್ಕ, ನೀವು ಮದುವೆಯೇ ಆಗಿಲ್ಲ."

"ಅದಕ್ಕೇ ನಿಮ್ಮನ್ನ ತಡ್ಕೊಂಡಿದ್ದೇನೆ!"

ಒಂದು ಮಧ್ಯಾಹ್ನ ರೋಷನ್ ನನ್ನ ಮೇಜಿಗೆ ಬಂದ. ಅಸ್ಸಾಮಿನ ಕಡೆಯ ಒಬ್ಬ ಏಜೆಂಟ್ ಜೊತೆ ಅವನಿಗೆ ಹೊಸ ಒಪ್ಪಂದವಾಗಿತ್ತು. ಏಜೆಂಟನ ಗಾಡಿಗಳು ಹೋಗುವುದು ಕೆಳಗಿನ ಊರಿನ ತನಕ ಮಾತ್ರ.

"ಅಂಕಲ್, ಕೆಳಗೇ ಸ್ಮಾರಕ ಉಂಟಲ್ಲ. ಅದೇ ನದಿ, ಅದೇ ಗುಡ್ಡ. ಅವ್ರು ಅಲ್ಲೇ ಮೀದಿ ಇಟ್ರೆ ಸಾಕು. ಅಜ್ಜಿಗೆ ಎಂತ ಗೊತ್ತಾಗ್ತದೆ?"

ನಾನು ಕೂತಲ್ಲಿಂದ ಎದ್ದೆ. "ನಿನ್ನ ಅಪ್ಪನಿಗೆ ನೀನು ಪಿಂಡ ಇಟ್ಟದ್ದು ಎಲ್ಲಿ? ಹತ್ತಿರ ಆಗ್ತದೆ ಅಂತ ಬೇರೆಯವರ ಗದ್ದೆಯಲ್ಲಿ ಇಟ್ಟೆಯಾ?" ಎಂದೆ. ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಅವನು ಕೈ ಎತ್ತಿ, "ಸರಿ ಸರಿ, ಬಿಪಿ ಏರಿಸ್ಕೊಳ್ಬೇಡಿ," ಎಂದು ಹೋದ. ಮಾತು ಮುಗಿಯಿತು ಎಂದುಕೊಂಡೆ. ನಾನು ಬೆಳೆದ ಕಡೆ ಒಬ್ಬ ಸರಿ ಎಂದರೆ ಸರಿ ಎಂದೇ ಅರ್ಥ.

ಅದರ ಮರುವಾರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೈಸೂರಿಗೆ ಹೋದೆ, ನಾಲ್ಕು ದಿನ ರಜೆ. ಪರ್ಮಿಟ್ ಅರ್ಜಿ ಹೋದದ್ದು ಆ ನಾಲ್ಕು ದಿನದಲ್ಲಿ. ವಾಪಸ್ ಬಂದಾಗ ಮುತ್ತವ್ವನ ಕಾಗದಗಳೆಲ್ಲ ಕಂದು ಲಕೋಟೆಯೊಳಗೆ, ಅಂಟಿಸಿ, ಮೇಲೆ ಆಫೀಸಿನ ಮುದ್ರೆ ಹಾಕಿ ನನ್ನ ಮೇಜಿನ ಮೇಲಿತ್ತು. ಸೇನೆಯಲ್ಲಿ ಮುದ್ರೆ ಬಿದ್ದ ಲಕೋಟೆಯನ್ನು ವಿಳಾಸದಾರನಲ್ಲದೆ ಬೇರೆಯವರು ಒಡೆಯಬಾರದು. ಒಡೆದವನನ್ನು ಜೈಲಿಗೆ ಹಾಕಿದ್ದನ್ನು ನೋಡಿದ್ದೇನೆ. ನನ್ನ ಕೈ ಆ ಲಕೋಟೆಯ ಮೇಲೆ ಹೋಯಿತು, ನಿಂತಿತು, ವಾಪಸ್ ಬಂತು. ಪ್ರತಿ ಟಿಕೆಟನ್ನೂ ಮೂರು ಸಲ ನೋಡುವ ನಾನು ಅದನ್ನು ಒಂದು ಸಲವೂ ನೋಡದೆ ಮುತ್ತವ್ವನ ಕೈಗೆ ಕೊಟ್ಟೆ. ಮಕ್ಕಳೇ, ಶಿಸ್ತಿಗೂ ತಲೆ ಉಪಯೋಗಿಸದಿರುವುದಕ್ಕೂ ಬಹಳ ದೂರವಿಲ್ಲ. ನಾನು ಅಳೆದು ನೋಡಿದ್ದೇನೆ.

ನವೆಂಬರಿನಲ್ಲಿ ಮುತ್ತವ್ವ ಒಬ್ಬರೇ ಹೊರಟರು. ಮೊದಲ ನಾಲ್ಕು ದಿನ ಚಾರ್ಟಿನ ಪ್ರಕಾರ ನಡೆಯಿತು. ಐದನೇ ದಿನದ ಸಾಲು ನನಗೆ ಈಗಲೂ ಬಾಯಿಪಾಠ: ಮಧ್ಯಾಹ್ನ ಒಂದು ಗಂಟೆಗೆ ಊಟ ಮಾಡಿ ಹೊರಡುವುದು, ಸಂಜೆ ಆರಕ್ಕೆ ಮೇಲಿನ ಊರು ತಲುಪುವುದು. ಐದು ಗಂಟೆಯ ದಾರಿ, ಆರಕ್ಕೆ ಬೆಳಕಿರುತ್ತದೆ. ಎಲ್ಲಿ ಬೆಳಕಿರುತ್ತದೆ? ಕೊಡಗಿನಲ್ಲಿ! ದೇಶದ ಆ ತುದಿಯಲ್ಲಿ ಆ ತಿಂಗಳು ಸೂರ್ಯ ನಾಲ್ಕೂಕಾಲಿಗೆ ಮುಳುಗುತ್ತಾನೆ. ಗಡಿಯಾರ ಒಂದೇ, ದೇಶ ಒಂದೇ, ಸೂರ್ಯ ಮಾತ್ರ ನಮ್ಮ ಗಡಿಯಾರ ನೋಡಿಕೊಂಡು ಕೆಲಸ ಮಾಡುವುದಿಲ್ಲ. ಬಾಳೆಎಲೆ ಕೇಳಿದ ನಾನು ಕತ್ತಲೆ ಎಷ್ಟು ಹೊತ್ತಿಗೆ ಎಂದು ಕೇಳಲಿಲ್ಲ. ವಿರಾಜಪೇಟೆಯಲ್ಲಿ ಕೂತವನಿಗೆ ಅದು ಕೇಳುವ ಪ್ರಶ್ನೆ ಎಂದೇ ಹೊಳೆಯಲಿಲ್ಲ.

ಐದಕ್ಕೆ ಕಗ್ಗತ್ತಲು. ಏಜೆಂಟನ ಡ್ರೈವರ್ ಕೆಳಗಿನ ಊರಿನ ಸ್ಮಾರಕದ ಮುಂದೆ ಗಾಡಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ, ಬಂತು ಮಾತಾಜಿ, ಇದೇ ನೀವು ಕೇಳಿದ ಜಾಗ ಎಂದ. ನೀರಿನ ಸದ್ದು ಕೇಳುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಮುತ್ತವ್ವ ಸ್ಮಾರಕಕ್ಕೆ ಕೈಮುಗಿದು ಸ್ವಲ್ಪ ಅತ್ತರಂತೆ. ಹಾಳಾದವನು ಆ ಕಣ್ಣೀರಿನ ಫೋಟೋವನ್ನೂ ತೆಗೆದು ಆಫೀಸಿಗೆ ಕಳಿಸಿದ್ದ.

ಮರುದಿನ ಬೆಳಿಗ್ಗೆ ನಾನು ಆಗತಾನೇ ಬಾಗಿಲು ತೆಗೆದಿದ್ದೆ. ಫೋನ್ ಬಂತು. ಗೆಸ್ಟ್ ಹೌಸಿನವರ ನಂಬರ್.

"ಹವಾಲ್ದಾರ್ರೆ, ಇಲ್ಲಿ ನದಿ ಒಂದೇ ಉಂಟು."

ನನಗೆ ಅರ್ಥವಾಗಲಿಲ್ಲ.

"ಬೆಳಕಾದ ಮೇಲೆ ಮೇಲೆ ಕೆಳಗೆ ಎಲ್ಲ ನಡ್ದು ನೋಡಿದೆ. ಒಂದೇ ನದಿ. ಮಂದಣ್ಣ ಸುಳ್ಳು ಬರೀಲಿಲ್ಲ. ನೀವು ನನ್ನನ್ನ ಎಲ್ಲಿಗೆ ಕಳ್ಸಿದ್ದೀರಿ?"

ಪರ್ಮಿಟ್ ಓದಿ ಎಂದೆ. ಅವರು ಲಕೋಟೆಯಿಂದ ತೆಗೆದು ಓದಿದರು. ಕೊನೆಯ ಸಾಲಿನಲ್ಲಿ ಕೆಳಗಿನ ಊರಿನ ಹೆಸರಿತ್ತು.

ರೋಷನ್ ಹತ್ತು ಗಂಟೆಗೆ ಬಂದ. ಅಷ್ಟರಲ್ಲಿ ನಾನು ಮುಂದಿನ ಚೆಕ್‌ಪೋಸ್ಟಿಗೂ ಅಲ್ಲಿನ ಸರ್ಕಾರಿ ಕಚೇರಿಗೂ ಫೋನ್ ಮಾಡಿ ಮುಗಿಸಿದ್ದೆ. ಕಚೇರಿಯ ಗುಮಾಸ್ತ ಸಭ್ಯನಾಗಿಯೇ ಹೇಳಿದ್ದ: ಕಾಗದದಲ್ಲಿ ಇರುವ ಊರಿನ ತನಕ ಮಾತ್ರ, ಹೊಸ ಅರ್ಜಿ ಹಾಕಿ, ಒಂದು ವಾರ ಕಾಯಿರಿ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹಾಗಾಗಿ ಅವನನ್ನು ಬೈಯುವ ಸುಖವೂ ನನಗಿರಲಿಲ್ಲ. ಅಲ್ಲಿ ಒಂದು ವಾರ ಕಾಯಲು ಮುತ್ತವ್ವನಿಗೆ ಆಗುತ್ತಿರಲಿಲ್ಲ, ಇಲ್ಲಿ ತೋಟದಲ್ಲಿ ಕಾಫಿ ಹಣ್ಣಾಗಿ ಪಿಕ್ಕಿಂಗ್ ಶುರುವಾಗಬೇಕಿತ್ತು.

"ನೀನು ಸರಿ ಸರಿ ಅಂದದ್ದು ಯಾವುದಕ್ಕೆ?" ಎಂದೆ.

"ಅಂಕಲ್, ಆ ಏಜೆಂಟ್ ಮೇಲೆ ಹೋಗಲ್ಲ ಅಂದ. ನಿಮಗೆ ಹೇಳಿದ್ರೆ ನೀವು ಟ್ರಿಪ್ಪೇ ನಿಲ್ಲಿಸ್ತಿದ್ರಿ. ಫೋಟೋ ನೋಡಿ, ಅವ್ರು ಸ್ಯಾಟಿಸ್ಫೈ ಆಗಿದ್ದಾರೆ. ಅತ್ತಿದ್ದಾರೆ."

ಆ ಮಾತು ಕೇಳಿ ನಾನು ಏನು ಮಾಡಿದೆ ಎಂದು ವಿವರವಾಗಿ ಬರೆಯುವುದಿಲ್ಲ. ಐಫೆಲ್ ಗೋಪುರದ ಚಿತ್ರ ಮರುದಿನ ಗೋಡೆಯ ಮೇಲೆ ಇರಲಿಲ್ಲ. ಅತ್ತಿದ್ದಾರೆ, ಹಾಗಾಗಿ ಕೆಲಸ ಆಯಿತು. ಈ ದಂಧೆಯಲ್ಲಿ ಈಗ ಹೀಗೆ ಅಳೆಯುತ್ತಾರೆ. ಗಿರಾಕಿ ನಕ್ಕರೆ ಒಂದು ಫೋಟೋ, ಅತ್ತರೆ ಒಂದು ಫೋಟೋ. ಅವನು ಹೋಗಬೇಕಾದ ಜಾಗಕ್ಕೆ ಹೋದನೇ ಎಂದು ಕೇಳುವವರಿಲ್ಲ.

ಮುತ್ತವ್ವ ವಾಪಸ್ ಬಂದವರು ನೇರ ಆಫೀಸಿಗೆ ಬಂದರು. ಸೀಲ್ ಒಡೆಯದ ರಮ್ ಬಾಟಲಿಯನ್ನೂ ಅಕ್ಕಿ ತರಿಯ ಗಂಟನ್ನೂ ನನ್ನ ಮೇಜಿನ ಮೇಲಿಟ್ಟರು. ರೋಷನ್ ಕುರ್ಚಿ ಎಳೆದು, ಕೂತ್ಕೊಳ್ಳಿ ಆಂಟಿ, ತಪ್ಪಾಯ್ತು ಎಂದ. ಅವರು ಅವನ ಕಡೆ ತಿರುಗಲೂ ಇಲ್ಲ.

"ಅವನು ಸುಳ್ಳು ಹೇಳಿದ. ನೀವು ನೋಡ್ಲಿಲ್ಲ. ಯಾವುದು ದೊಡ್ಡದು ಹವಾಲ್ದಾರ್ರೆ?"

"ನಾನು ನೋಡದೇ ಇದ್ದದ್ದು," ಎಂದೆ.

"ಕತ್ತಲಾಗದೇ ಇದ್ರೆ ಗಾಡಿಯಿಂದ ಇಳಿಯುವಾಗಲೇ ನದಿ ಎಣಿಸ್ತಿದ್ದೆ. ಆ ಡ್ರೈವರಿಗೆ ಅಲ್ಲೇ ಎರಡು ಕೊಟ್ಟು ಮೇಲೆ ಹೋಗ್ಲಿಕ್ಕೆ ಏನಾದ್ರೂ ದಾರಿ ಮಾಡ್ತಿದ್ದೆ. ಆರು ಗಂಟೆ ಅಂತ ಬರ್ದದ್ದು ಯಾರು?"

"ಅದೂ ನಾನೇ."

ಅವರು ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. "ನನ್ನ ಮಂಡಿಗೆ ಇನ್ನೊಂದು ವರ್ಷ ಟೈಮ್ ಕೊಡ್ತೇನೆ. ನಿಮಗೂ ಅಷ್ಟೇ," ಎಂದು ಗಾಜಿನ ಬಾಗಿಲನ್ನು ಒದ್ದು ಹೋದರು.

ಆ ಸಂಜೆ ನನ್ನ ನೋಟ್‌ಬುಕ್ ತೆಗೆದುಕೊಂಡು ನಾನೂ ಹೊರಗೆ ಬಂದೆ. ಹಾರ, ಶಾಲು, ಗಡಿಯಾರ ಯಾವುದೂ ಇಲ್ಲದ ನಿವೃತ್ತಿ.

ಮುಂದಿನ ವರ್ಷದ ಚಾರ್ಟನ್ನು ಮುತ್ತವ್ವನ ಮನೆಯ ಜಗಲಿಯಲ್ಲಿ ಕೂತು ಬರೆದೆ. ಏಜೆಂಟ್ ಇಲ್ಲ. ಬಾಳೆಎಲೆಯ ವಿಷಯ ಹೇಳಿದ್ದ ಅಂಗಡಿಯವನು ತನ್ನ ಭಾವನ ಗಾಡಿ ಕೊಡುತ್ತೇನೆ, ಅವನೇ ಓಡಿಸುತ್ತಾನೆ, ಮೇಲಿನ ಊರಿನವನೇ ಎಂದ. ಪರ್ಮಿಟ್ ಅರ್ಜಿಯನ್ನು ನಾನು ತುಂಬಿದೆ, ಮುತ್ತವ್ವ ಕೊನೆಯ ಸಾಲನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದರು. ಬಂದ ಪರ್ಮಿಟ್ಟನ್ನು ಲಕೋಟೆಗೆ ಹಾಕಲಿಲ್ಲ. ಸೇನೆಯ ಠಾಣೆಗೆ ಒಂದು ಪತ್ರ ಬರೆದು, ಒಬ್ಬ ಸತ್ತ ಸೈನಿಕನ ತಂಗಿ ಬರುತ್ತಿದ್ದಾರೆ ಎಂದು ತಿಳಿಸಿದೆ. ಪ್ರತಿ ದಿನದ ಸಾಲಿನಲ್ಲೂ ಮೊದಲು ಸೂರ್ಯ ಹುಟ್ಟುವ ಹೊತ್ತು, ಮುಳುಗುವ ಹೊತ್ತು. ಬೆಳಿಗ್ಗೆ ಐದೂವರೆಗೆ ಹೊರಡುವುದು, ಮಧ್ಯಾಹ್ನ ಎರಡರೊಳಗೆ ಗಾಡಿ ನಿಲ್ಲಬೇಕು. ಅದಕ್ಕಿಂತ ಶುದ್ಧವಾದ ಚಾರ್ಟನ್ನು ನಾನು ಸೇನೆಯಲ್ಲೂ ಬರೆದಿರಲಿಲ್ಲ.

ಅವರು ಹೋದರು. ಹನ್ನೆರಡು ದಿನ ಕಳೆದು ಬಂದರು. ಬಂದ ಮರುದಿನ ನನ್ನನ್ನು ಕರೆಸಿದರು. ಮಂಡಿಗೆ ಎಣ್ಣೆ ಹಚ್ಚಿಕೊಂಡು, ಕಾಲು ಚಾಚಿ ಕೂತಿದ್ದರು. ಮೊದಲು ಕಾಫಿ ಕೊಟ್ಟರು.

"ಎರಡು ನದಿ ಉಂಟು," ಎಂದರು.

"ಸರಿ," ಎಂದೆ.

"ಒಂದು ಹಸಿರು, ಒಂದು ಬೂದಿ ಬಣ್ಣ. ಕೂಡಿದ ಮೇಲೂ ಸ್ವಲ್ಪ ದೂರ ಬೇರೆ ಬೇರೆ ಹೋಗ್ತದೆ. ಆ ಡ್ರೈವರ್ ಚಿಕ್ಕವನಿರುವಾಗ ಅವನ ಅಪ್ಪ ತೋರಿಸಿದ್ದನಂತೆ, ಇಲ್ಲಿ ಮಿಲಿಟರಿಯವ್ರನ್ನ ಸುಡ್ತಿದ್ರು ಅಂತ. ಠಾಣೆಯ ಹುಡುಗ್ರು ಕಲ್ಲು ಸರಿಸಿ ಜಾಗ ಮಾಡಿ ಕೊಟ್ರು. ಕಡಂಬುಟ್ಟು ಸ್ವಲ್ಪ ಗಟ್ಟಿಯಾಯ್ತು, ಅಲ್ಲಿಯ ನೀರು ಹಾಗೆ. ಎಲೆ ಚೆನ್ನಾಗಿಯೇ ಇತ್ತು."

"ಚಾರ್ಟಲ್ಲಿ ತೊಂದರೆ ಆಗ್ಲಿಲ್ಲವಾ?"

ಅವರು ಚಾರ್ಟನ್ನು ಸೊಂಟದಿಂದ ತೆಗೆದು ನನ್ನ ಮುಂದೆ ಬಿಡಿಸಿದರು. ಮಡಿಕೆಗಳಲ್ಲಿ ಹರಿದಿತ್ತು, ಒಂದು ಕಡೆ ಎಣ್ಣೆ ಕಲೆ. ಆರನೇ ದಿನದ ಸಾಲಿನ ಮೇಲೆ ಬೆರಳಿಟ್ಟರು.

"ಇದೇನು ಬರ್ದಿದ್ದೀರಿ, ಓದಿ."

ಓದಿದೆ. ನದಿಯ ಬದಿ, ಮೀದಿ, ಮೂವತ್ತು ನಿಮಿಷ.

"ವಿಮಾನ ಹಿಡೀಲಿಕ್ಕೆ ಮೂರು ಗಂಟೆ ಮೊದ್ಲು ಹೋಗಿ ಕೂರ್ಬೇಕು ಅಂತ ಬರ್ದಿದ್ದೀರಿ. ಇದಕ್ಕೆ ಮೂವತ್ತು ನಿಮಿಷವಾ ಹವಾಲ್ದಾರ್ರೆ? ಅಪ್ಪ ಸತ್ತದ್ದು ಅವನಿಗೆ ಹೇಳ್ಬೇಕಿತ್ತು. ಅವ್ವ ಸತ್ತದ್ದು ಹೇಳ್ಬೇಕಿತ್ತು. ಅವನ ಗದ್ದೆ ಮಾರಿದ್ದು ಹೇಳಿ ಬೈಸ್ಕೊಳ್ಬೇಕಿತ್ತು. ನಾನು ನಾಲ್ಕು ಗಂಟೆ ಕೂತೆ. ಡ್ರೈವರ್ ಮೂರು ಸಲ ಬಂದು ಕೈಗಡಿಯಾರ ತೋರಿಸಿದ. ನಿಮ್ಮ ಚಾರ್ಟ್ ಅವನಿಗೂ ಓದಿ ಹೇಳಿದ್ದೆ, ಅದೇ ತಪ್ಪಾಯ್ತು."

ಸೂರ್ಯನ ಹೊತ್ತು, ಎಲೆ, ಬಾಟಲಿಯ ಸೀಲು, ಪರ್ಮಿಟ್ಟಿನ ಕೊನೆಯ ಸಾಲು, ಎಲ್ಲ ಸರಿ ಮಾಡಿದ್ದೆ. ಇಷ್ಟೆಲ್ಲ ಯಾವುದಕ್ಕಾಗಿಯೋ ಅದರ ಎದುರು ಮಾತ್ರ, ರೈಲಿಗೆ ನೀರು ತುಂಬಿಸುವ ನಿಲ್ದಾಣದ ಹಾಗೆ, ಮೂವತ್ತು ಎಂದು ಬರೆದಿದ್ದೆ. ಅದು ನನಗೆ ಯಾರೂ ಹೇಳಿ ಬರೆಸಿದ್ದಲ್ಲ. ರೋಷನನ ಮೇಲೆ ಹಾಕಲೂ ಆಗುವುದಿಲ್ಲ. ಅವನ ಮೇಲಿನ ಸಿಟ್ಟು ನನಗೆ ಈಗಲೂ ಆರಿಲ್ಲ. ಆ ದಿನ ಮಾತ್ರ ಆ ಸಿಟ್ಟಿನ ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟುಕೊಂಡು ಮನೆಗೆ ನಡೆಯಬೇಕಾಯಿತು.

ಹೊರಡುವಾಗ ಮುತ್ತವ್ವ ಚಾರ್ಟನ್ನು ಮಡಿಸಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ವಾಪಸ್ ಕೊಡಿ, ತಿದ್ದಿ ಕೊಡುತ್ತೇನೆ ಎಂದೆ. ಕೊಡಲಿಲ್ಲ.